ಊದಿದ್ದು ಒಂದೇ ಸ್ವರ

ಕಣ್ಣಿನ ಆಪರೇಷನ್ ಆದವರ ಮನೆಗೆ ಒಮ್ಮೆ ಹೋಗಿ ನೋಡಿ. ಉಪಚಾರಕ್ಕೇನೂ ಕೊರತೆ ಇರುವುದಿಲ್ಲ. ಬಗ್ಗಬೇಡಿ, ಎತ್ತಬೇಡಿ, ಉಜ್ಜಬೇಡಿ ಎಂದು ಮನೆಮಂದಿಯೆಲ್ಲ ಪೊಲೀಸರ ಹಾಗೆ ಸುತ್ತ ನಿಂತಿರುತ್ತಾರೆ. ಪಾಪ, ರೋಗಿಗೆ ಸೀನಲಿಕ್ಕೂ ಭಯ. ಇಷ್ಟೆಲ್ಲ ಕಾವಲಿದ್ದೂ ಯಾರಿಗೂ ಹೊಳೆಯದ ಒಂದು ತಪ್ಪು ನಡೆದುಹೋಗುತ್ತದೆ. ಹೊಲಿಗೆಯಮ್ಮನ ಮನೆಯಲ್ಲಿ ಆದದ್ದೂ ಅದೇ.

ಹೊಲಿಗೆಯಮ್ಮನದು ಸ್ಟೇಷನ್ ರಸ್ತೆಯ ತಿರುವಿನಲ್ಲಿ ಹೊಲಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಆಕೆಯ ಗಂಡ ಊರಿನ ಬ್ಯಾಂಡ್ ತಂಡದ ಯಜಮಾನರು, ತುತ್ತೂರಿ ಊದುವವರು. ಊರಿಗೆಲ್ಲ ಅವರು ಮೇಷ್ಟ್ರು. ಅವರ ತಮ್ಮ ಅದೇ ತಂಡದಲ್ಲಿ ದೊಡ್ಡ ಡ್ರಮ್ ಬಾರಿಸುತ್ತಾನೆ. ಅವನಿಗೆ ಬೀದಿಯವರು ಇಟ್ಟ ಹೆಸರು ಢಮಾರ್. ಡ್ರಮ್ ಒಂದೇ ಅಲ್ಲ, ಅವನ ಮಾತೂ ಹಾಗೆಯೇ. ಯೋಚನೆ ಬರುವ ಮೊದಲೇ ಸದ್ದು ಬಂದಿರುತ್ತದೆ.

ಮೇಷ್ಟ್ರಿಗೆ ಗ್ಲಾಕೋಮಾ. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನೋಟದ ನರ ಸದ್ದಿಲ್ಲದೆ ಸಾಯುವ ಕಾಯಿಲೆ ಅದು. ನೋವಿಲ್ಲ, ಉರಿಯಿಲ್ಲ, ಕೆಂಪಾಗುವುದೂ ಇಲ್ಲ. ಅವರ ಬಲಗಣ್ಣನ್ನು ಅದು ಹಾಗೇ ನುಂಗಿ ನೀರು ಕುಡಿದಿತ್ತು. ಮೆರವಣಿಗೆಯಲ್ಲಿ ಬಲಗಡೆ ನಿಂತವರಿಗೆಲ್ಲ ಡಿಕ್ಕಿ ಹೊಡೆಯಲು ಶುರುಮಾಡಿದ ಮೇಲೆ, ಆಸ್ಪತ್ರೆಗೆ ಹೋಗಿ ನೋಡಿದರೆ ಬಲಗಣ್ಣು ಪೂರ್ತಿ ಹೋಗಿತ್ತು. ಉಳಿದದ್ದು ಎಡಗಣ್ಣು ಒಂದೇ. ಅದಕ್ಕೂ ಒತ್ತಡ ಏರಿತ್ತು. ಡ್ರಾಪ್ಸ್ ಹಾಕಿದರೂ ಇಳಿಯದಿದ್ದಾಗ ಡಾಕ್ಟರಮ್ಮ ಆಪರೇಷನ್ ಮಾಡಲೇಬೇಕು ಎಂದರು.

ಆಪರೇಷನ್‌ಗೆ ಮುಂಚೆ ಡಾಕ್ಟರಮ್ಮ ಒಂದು ಪ್ರಶ್ನೆ ಕೇಳಿದ್ದರು.

"ಇವರು ಏನು ಕೆಲಸ ಮಾಡ್ತಾರೆ?"

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಹೊಲಿಗೆಯಮ್ಮ, "ಸಂಗೀತದ ಮೇಷ್ಟ್ರು, ಡಾಕ್ಟ್ರೇ" ಎಂದುಬಿಟ್ಟಳು. ಬೆನ್ನ ಹಿಂದೆ ಜನ ಸಾಲಾಗಿ ಕೂತಿದ್ದರು. ಅವರಲ್ಲಿ ಇಬ್ಬರು ಆಕೆಯ ಅಂಗಡಿಗೆ ಬಟ್ಟೆ ಕೊಡುವ ದೊಡ್ಡ ಮನೆಯವರು. ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಾರೆ ಎಂದರೆ ಕಿಸಕ್ಕನೆ ನಕ್ಕಾರು ಎಂದು ಆಕೆಗೆ ಸಂಕೋಚ.

"ಒಳ್ಳೇದಾಯ್ತು ಬಿಡಿ, ಕೂತು ಮಾಡೋ ಕೆಲಸ" ಎಂದರು ಡಾಕ್ಟರಮ್ಮ. "ಆಪರೇಷನ್ ಆದ್ಮೇಲೆ ಭಾರ ಎತ್ತಬಾರ್ದು, ಬಗ್ಗಬಾರ್ದು, ತಿಣುಕಬಾರ್ದು, ಕಣ್ಣು ಉಜ್ಜಬಾರ್ದು. ಡ್ರಾಪ್ಸ್ ತಪ್ಪಿಸಬಾರ್ದು. ನೋವು ಬಂದ್ರೆ, ನೋಟ ಮಂಜಾದ್ರೆ ತಕ್ಷಣ ಬನ್ನಿ."

ಆಪರೇಷನ್ ಚೆನ್ನಾಗಿ ಆಯಿತು. ಹೊಲಿಗೆಯಮ್ಮ ಗಂಡನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಳು. ಚಪ್ಪಲಿ ತಾನೇ ತೊಡಿಸಿದಳು. ನೀರಿನ ತಂಬಿಗೆಯನ್ನೂ ಎತ್ತಗೊಡಲಿಲ್ಲ. ಡ್ರಾಪ್ಸ್ ಹಾಕುವ ಮುಂಚೆ ಸೋಪು ಹಾಕಿ ಕೈ ತೊಳೆದುಕೊಂಡಳು. ಹೊಲಿಗೆ ಯಂತ್ರದ ಸದ್ದಿಗೆ ನಿದ್ದೆ ಕೆಡುತ್ತದೆಂದು ಮಧ್ಯಾಹ್ನ ಅಂಗಡಿ ಮುಚ್ಚಿಯೇ ಕೂತಳು.

"ಅತ್ತಿಗೆ, ಅಣ್ಣನ್ನ ಗಾಜಿನ ಬೀರುವಲ್ಲಿ ಇಟ್ಟುಬಿಡಿ, ನೋಡೋಕೆ ಬರೋರಿಗೆ ಟಿಕೆಟ್ ಮಾಡೋಣ" ಎಂದು ಢಮಾರ್ ಗೇಲಿ ಮಾಡಿದ.

"ಸುಮ್ನಿರಪ್ಪ ನೀನು. ಇರೋದು ಒಂದು ಕಣ್ಣು" ಎಂದಳು ಹೊಲಿಗೆಯಮ್ಮ. ಅದು ಹೋದರೆ ಮೇಷ್ಟ್ರಿಗೆ ಲೋಕವೇ ಕತ್ತಲು.

ಹೀಗೇ ಒಂದು ವಾರ ಕಳೆಯುತ್ತ ಬಂತು. ಅಷ್ಟರಲ್ಲಿ ಬ್ಯಾಂಡಿಗೆ ದೊಡ್ಡದೊಂದು ಕೆಲಸ ಬಂತು. ರೈಲ್ವೆ ಸ್ಟೇಷನ್ನಿನ ಹೊಸ ಕಟ್ಟಡ ತೆರೆಯುತ್ತಾರಂತೆ, ಬ್ಯಾಂಡ್ ಬೇಕಂತೆ. ಮೇಷ್ಟ್ರಿಲ್ಲದೆ ತಂಡದವರು ಅಭ್ಯಾಸ ಮಾಡಿದರು. ಎಲ್ಲವೂ ಅಪಸ್ವರ.

ಈ ತಂಡದಲ್ಲಿ ಒಂದು ರೂಢಿ ಇದೆ. ಬಾರಿಸುವ ಮುಂಚೆ ಮೇಷ್ಟ್ರು ತುತ್ತೂರಿಯಲ್ಲಿ ಒಂದು ಸ್ವರ ಹಿಡಿಯುತ್ತಾರೆ. ಹಿಡಿದ ಸ್ವರವನ್ನು ಬಿಡುವುದಿಲ್ಲ. ಒಬ್ಬೊಬ್ಬರೂ ತಮ್ಮ ವಾದ್ಯವನ್ನು ಅದಕ್ಕೆ ಕೂಡಿಸಿಕೊಳ್ಳುವವರೆಗೆ ಹಿಡಿದೇ ಇರುತ್ತಾರೆ. ಕೆನ್ನೆ ಉಬ್ಬುತ್ತದೆ, ಕತ್ತಿನ ನರ ಎದ್ದು ನಿಲ್ಲುತ್ತದೆ, ಮುಖ ಕೆಂಪಾಗುತ್ತದೆ. ನೋಡುವವರಿಗೇ ಉಸಿರು ಕಟ್ಟಬೇಕು. ಅಂಥ ಉಸಿರು ಇನ್ನೊಬ್ಬರಿಗಿಲ್ಲ ಎಂಬುದೇ ತಂಡದವರ ಹೆಮ್ಮೆ.

ಅಂದು ಸಂಜೆ ತಂಡವೆಲ್ಲ ಮೇಷ್ಟ್ರ ಮನೆಗೇ ಬಂತು.

"ಅಣ್ಣ, ನೀನು ನಿಲ್ಲೋದು ಬೇಡ, ಕುಣಿಯೋದು ಬೇಡ. ಕುರ್ಚಿ ಮೇಲೆ ರಾಜನ ಹಾಗೆ ಕೂತ್ಕೋ" ಎಂದ ಢಮಾರ್. "ಒಂದೇ ಒಂದು ಸ್ವರ ಕೊಡು. ಮಿಕ್ಕಿದ್ದು ನಾವು ನೋಡ್ಕೋತೀವಿ."

ಮೇಷ್ಟ್ರ ಮುಖ ಅರಳಿತು. ಆದರೂ ಹೆಂಡತಿಯ ಕಡೆ ತಿರುಗಿದರು. "ಏನೇ, ಊದಬಹುದಾ?"

ಹೊಲಿಗೆಯಮ್ಮ ಡಾಕ್ಟರಮ್ಮನ ಮಾತುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ತಿರುವಿ ಹಾಕಿದಳು. ಎತ್ತಬಾರದು, ಬಗ್ಗಬಾರದು, ಉಜ್ಜಬಾರದು. ಊದಬಾರದು ಎಂದು ಅವರು ಹೇಳಿರಲಿಲ್ಲ.

"ಒಂದೇ ತಾನೆ? ಊದ್ರಿ. ಆದ್ರೆ ಬಗ್ಗಬೇಡಿ, ನಾನೇ ತಂದುಕೊಡ್ತೀನಿ" ಎಂದಳು. ತುತ್ತೂರಿ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿತ್ತು. ಆಕೆಯೇ ಬಗ್ಗಿ ಪೆಟ್ಟಿಗೆ ಎಳೆದಳು. ಸೆರಗಿನಿಂದ ಒರೆಸಿ, ಗಂಡನ ಕೈಗೆ ತಾನೇ ಇಟ್ಟಳು.

ಮೇಷ್ಟ್ರು ಸ್ವರ ಹಿಡಿದರು. ಅಬ್ಬಾ! ಮನೆ ತುಂಬಿತು. ಒಬ್ಬ ಕೂಡಿಸಿಕೊಂಡ, ಇನ್ನೊಬ್ಬ ಕೂಡಿಸಿಕೊಂಡ. ಕ್ಲಾರಿನೆಟ್‌ನವನದು ಮಾತ್ರ ಕೂಡುತ್ತಿಲ್ಲ. "ಇನ್ನೊಂಚೂರು ಅಣ್ಣ, ಇನ್ನೊಂಚೂರು" ಎಂದು ಢಮಾರ್ ಕೈಯಾಡಿಸಿದ. ಮೇಷ್ಟ್ರು ಇದ್ದಬದ್ದ ಉಸಿರನ್ನೆಲ್ಲ ಒತ್ತಿ ಹಿಡಿದರು.

ಸ್ವರ ಫಕ್ಕನೆ ನಿಂತಿತು. ತುತ್ತೂರಿ ಖಣ್ ಎಂದು ನೆಲಕ್ಕೆ ಬಿತ್ತು. ಮೇಷ್ಟ್ರು ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು, "ಅಯ್ಯೋ ಅಮ್ಮಾ!" ಎಂದು ಚೀರಿದರು.

ಮದುವೆಯಾದಾಗಿನಿಂದ ಹೊಲಿಗೆಯಮ್ಮ ಗಂಡ ಹಾಗೆ ಚೀರಿದ್ದನ್ನು ಕೇಳಿರಲಿಲ್ಲ. ತಂಡದವರು ತಮ್ಮ ತಮ್ಮ ವಾದ್ಯ ಹಿಡಿದುಕೊಂಡು ಗರಬಡಿದವರಂತೆ ನಿಂತರು. ಢಮಾರ್ ಒಬ್ಬನಿಗೆ ಮಾತ್ರ ಮಾತು ಹೊರಟಿತು.

"ಏನೂ ಆಗಿಲ್ಲ ಅತ್ತಿಗೆ, ಗಾಬರಿ ಆಗ್ಬೇಡಿ. ಆಪರೇಷನ್ ಆದ್ಮೇಲೆ ನೋವು ಬರದೆ ಇನ್ನೇನು ನಗು ಬರುತ್ತಾ? ನನ್ಹತ್ರ ನೋವಿನ ಮಾತ್ರೆ ಇದೆ. ನುಂಗಿ ಮಲಗ್ಲಿ. ಬೆಳಿಗ್ಗೆ ನೋಡಿದ್ರಾಯ್ತು" ಎಂದು ಜೇಬಿನಿಂದ ಮಾತ್ರೆ ತೆಗೆದ.

ಹೊಲಿಗೆಯಮ್ಮನಿಗೂ ಅದೇ ಸರಿ ಅನ್ನಿಸಿತು. ಹೆದರಿದ ಮನಸ್ಸು ಧೈರ್ಯ ಹೇಳುವವರನ್ನೇ ನಂಬುತ್ತದೆ. ನೀರು ತರಲು ಆಕೆ ಒಳಗೆ ಹೊರಟಿದ್ದಳು. ಆಗ ಮೇಷ್ಟ್ರು ಮೆಲ್ಲಗೆ ಕೈ ಸರಿಸಿ, ಮುಖ ಎತ್ತಿ ಕೇಳಿದರು.

"ದೀಪ ಯಾಕೆ ಆರಿಸಿದ್ರಿ?"

ದೀಪ ಯಾರೂ ಆರಿಸಿರಲಿಲ್ಲ. ಟ್ಯೂಬ್‌ಲೈಟ್ ಅವರ ನೆತ್ತಿಯ ಮೇಲೆಯೇ ಉರಿಯುತ್ತಿತ್ತು.

ಹೊಲಿಗೆಯಮ್ಮ ತಿರುಗಿ ಅವರ ಮುಂದೆ ಬಂದು ನಿಂತಳು. "ರೀ... ದೀಪ ಇದೆ ರೀ" ಎಂದಳು. ಮೇಷ್ಟ್ರು ಕೈ ಮುಂದೆ ಚಾಚಿ ಆಕೆಯ ಮುಖವನ್ನು ತಡವಿದರು. ಆ ಬೆರಳು ಮೊದಲು ತಗುಲಿದ್ದು ಆಕೆಯ ಕಿವಿಗೆ, ಆಮೇಲೆ ಕೆನ್ನೆಗೆ.

ಅಷ್ಟರಲ್ಲಿ ಚೀರಾಟ ಕೇಳಿ ಎದುರುಮನೆಯ ನರ್ಸಮ್ಮ ಓಡಿ ಬಂದಳು. ಅವಳು ಕೆಲಸ ಮಾಡುವುದು ಕಣ್ಣಿನ ವಾರ್ಡಿನಲ್ಲೇ. ಒಳಗೆ ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ನೆಲದ ಮೇಲಿನ ತುತ್ತೂರಿ.

"ಇದನ್ನ ಯಾರು ಊದಿದ್ದು?" ಎಂದಳು.

ತಂಡದವರೆಲ್ಲ ಮೇಷ್ಟ್ರ ಕಡೆ ನೋಡಿದರು.

"ಅಯ್ಯೋ ದೇವ್ರೇ, ಮೇಷ್ಟ್ರ ಕೈಲಿ ಊದಿಸಿದ್ರಾ? ಆಪರೇಷನ್ ಆಗಿ ಇನ್ನೂ ವಾರ ಆಗಿಲ್ಲ!" ನರ್ಸಮ್ಮ ಢಮಾರ್‌ನ ಕೈಯಿಂದ ಮಾತ್ರೆ ಕಿತ್ತುಕೊಂಡಳು. "ಇದೇನಿದು? ಕಣ್ಣೊಳಗೆ ರಕ್ತ ಸೋರ್ತಿದ್ರೆ, ಕೆಲವು ನೋವಿನ ಮಾತ್ರೆ ನುಂಗಿದಾಗ ಅದು ಇನ್ನಷ್ಟು ಸೋರುತ್ತೆ. ಡಾಕ್ಟ್ರು ಹೇಳದೆ ಒಂದು ಮಾತ್ರೇನೂ ಬೇಡ. ಆಟೋ ಕರೀರಿ."

"ಈಗ್ಲೇನಾ? ಡಾಕ್ಟ್ರು ಮನೆಗೆ ಹೋಗಿರ್ತಾರೆ. ಬೆಳಿಗ್ಗೆ ಹೋದ್ರೆ..." ಎಂದು ಢಮಾರ್ ರಾಗ ಎಳೆದ.

"ಬೆಳಿಗ್ಗೆ ಹೊತ್ತಿಗೆ ಈ ಕಣ್ಣು ಇರುತ್ತೋ ಇಲ್ವೋ, ನೀನು ಬರೆದುಕೊಡ್ತೀಯಾ?" ಎಂದು ನರ್ಸಮ್ಮ ಗದರಿದಳು. "ಮನೆಗೆ ಬೆಂಕಿ ಬಿದ್ರೆ ಬೆಳಗಾಗ್ಲಿ ಅಂತ ಕಾಯ್ತೀಯೇನೋ? ಇಂಥದ್ದಕ್ಕೇ ಆಸ್ಪತ್ರೆಯಲ್ಲಿ ತುರ್ತು ವಿಭಾಗ ಇರೋದು. ನಡಿ!"

ಢಮಾರ್ ಚಪ್ಪಲಿಯನ್ನೂ ಮೆಟ್ಟದೆ ಹೊರಬಿದ್ದ. ಆಟೋ ತರಲು ಓಡಿದ.

ನರ್ಸಮ್ಮ ಫೋನ್ ಮಾಡಿದ್ದರಿಂದ ಡಾಕ್ಟರಮ್ಮ ಆಸ್ಪತ್ರೆಯಲ್ಲೇ ಉಳಿದಿದ್ದರು. ಮೇಷ್ಟ್ರ ಕಣ್ಣಿನ ಮುಂದೆ ಬೆರಳು ಹಿಡಿದರು, ಕಾಣಲಿಲ್ಲ. ಕೈ ಆಡಿಸಿದರು, ಕಾಣಲಿಲ್ಲ. ಟಾರ್ಚ್ ಬಿಟ್ಟಾಗ ಮಾತ್ರ, "ಒಂದು ಮೂಲೆಯಲ್ಲಿ ಏನೋ ಬೆಳ್ಳಗಿದೆ" ಎಂದರು. ಸ್ಕ್ಯಾನ್ ಮಾಡಿದ ಮೇಲೆ ಡಾಕ್ಟರಮ್ಮ ಹೊರಗೆ ಬಂದು ಹೊಲಿಗೆಯಮ್ಮನ ಪಕ್ಕದಲ್ಲೇ ಕೂತರು.

"ಕೆಮ್ಮಿದ್ರಾ? ವಾಂತಿ ಆಯ್ತಾ? ಏನಾದ್ರೂ ಎತ್ತಿದ್ರಾ?"

"ಇಲ್ಲ ಡಾಕ್ಟ್ರೇ. ಒಂದು ಸ್ವರ ಊದಿದ್ರು. ತುತ್ತೂರಿ."

ಡಾಕ್ಟರಮ್ಮ ಆಕೆಯ ಕಡೆ ಪೂರ್ತಿ ತಿರುಗಿದರು. "ತುತ್ತೂರೀನಾ? ಸಂಗೀತದ ಮೇಷ್ಟ್ರು ಅಂದಿದ್ರಲ್ಲಮ್ಮ! ಪಾಠ ಹೇಳ್ತಾರೆ ಅಂದ್ಕೊಂಡಿದ್ದೆ. ನಾನೂ ಇನ್ನೊಂದು ಮಾತು ಬಿಡಿಸಿ ಕೇಳಬೇಕಿತ್ತು."

ಹೊಲಿಗೆಯಮ್ಮ ನಾಲಿಗೆ ಕಚ್ಚಿಕೊಂಡಳು. ಆ ದಿನದ ಸಾಲು, ಬೆನ್ನ ಹಿಂದೆ ಕೂತಿದ್ದ ದೊಡ್ಡ ಮನೆಯವರು, ತನ್ನ ಸಂಕೋಚ ಎಲ್ಲ ನೆನಪಾಯಿತು. "ನಾಚಿಕೆ ಆಯ್ತು ಡಾಕ್ಟ್ರೇ. ಬ್ಯಾಂಡಿನವರು ಅನ್ನೋಕೆ ನಾಚಿಕೆ ಆಯ್ತು. ನಾನೇ ಅವರ ಕೈಗೆ ತುತ್ತೂರಿ ಕೊಟ್ಟೆ. ಬಗ್ಗಬಾರ್ದು ಅಂತ ನಾನೇ ಬಗ್ಗಿ ತೆಗೆದುಕೊಟ್ಟೆ!" ಎಂದು ಎದೆ ಒಡೆದವಳಂತೆ ಅತ್ತಳು. ಗೋಡೆಗೆ ಒರಗಿ ನಿಂತಿದ್ದ ಢಮಾರ್ ಕೂಡ ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡ. ಇನ್ನೊಂಚೂರು, ಇನ್ನೊಂಚೂರು ಎಂದವನು ಅವನೇ.

"ಅಳೋದು ಆಮೇಲೆ, ಈಗ ಅರ್ಥ ಮಾಡ್ಕೊಳ್ಳಿ" ಎಂದರು ಡಾಕ್ಟರಮ್ಮ. "ನೀವು ಕೋಟು ಹೊಲೀತೀರಂತಲ್ಲ, ಒಳಗೆ ಲೈನಿಂಗ್ ಇರುತ್ತಲ್ಲ, ಕಣ್ಣಿನ ಹಿಂಭಾಗಕ್ಕೂ ಹಾಗೇ ಲೈನಿಂಗ್ ಇದೆ. ಅದರಲ್ಲಿ ಎಲ್ಲಕ್ಕಿಂತ ಒಳಗಿನ ಪದರ ರೆಟಿನಾ. ಚಿತ್ರ ಮೂಡೋದು ಅದರ ಮೇಲೆ. ನಾವು ಆಪರೇಷನ್ ಮಾಡಿ ಕಣ್ಣಿನ ನೀರು ಹೊರಗೆ ಹೋಗೋಕೆ ಸಣ್ಣ ದಾರಿ ಮಾಡಿದ್ವಿ. ಒತ್ತಡ ಇಳೀತು. ಇಳಿದ ಹೊಸದರಲ್ಲಿ ಹಿಂದಿನ ರಕ್ತನಾಳಗಳು ತುಂಬಾ ಸೂಕ್ಷ್ಮ. ಆಗ ಉಸಿರು ಬಿಗಿಹಿಡಿದು ಜೋರಾಗಿ ಊದಿದ್ರೆ, ತಿಣುಕಿದ್ರೆ, ಭಾರ ಎತ್ತಿದ್ರೆ ಅವು ಒಡೀಬಹುದು. ಇವರಿಗೆ ಒಡೆದಿದೆ. ರಕ್ತ ಕೋಟಿನ ಬಟ್ಟೆಗೂ ಲೈನಿಂಗ್‌ಗೂ ಮಧ್ಯೆ ಸೇರಿ, ಲೈನಿಂಗನ್ನ ಒಳಕ್ಕೆ ಉಬ್ಬಿಸಿದೆ."

ಹೊಲಿಗೆಯಮ್ಮನಿಗೆ ಥಟ್ಟನೆ ಅರ್ಥವಾಯಿತು. ಲೈನಿಂಗ್ ಬಿಟ್ಟುಕೊಂಡ ಕೋಟುಗಳನ್ನು ಆಕೆ ಎಷ್ಟೋ ನೋಡಿದ್ದಳು.

"ಆಪರೇಷನ್ ಮಾಡಿಸಿದ್ದೇ ತಪ್ಪಾಯ್ತೇನೋ ಹಾಗಾದ್ರೆ" ಎಂದು ಢಮಾರ್ ಗೊಣಗಿದ.

"ತಪ್ಪಲ್ಲ" ಎಂದರು ಡಾಕ್ಟರಮ್ಮ. "ಮಾಡಿಸದಿದ್ರೆ ಬಲಗಣ್ಣಿನ ಹಾಗೆ ಇದೂ ಹೋಗ್ತಿತ್ತು. ಹೋದ ನೋಟವನ್ನ ಯಾರಿಂದಲೂ ವಾಪಸ್ ತರೋಕಾಗಲ್ಲ. ಇಂಥ ರಕ್ತಸ್ರಾವ ಅಪರೂಪ, ತುಂಬಾ ಜನಕ್ಕೆ ಆಗಲ್ಲ. ಏನೂ ತಪ್ಪು ಮಾಡದವರಿಗೂ ಒಮ್ಮೊಮ್ಮೆ ಆಗುತ್ತೆ. ಆದ್ರೆ ಆದಾಗ ತಕ್ಷಣ ಬರಬೇಕು. ಈಗ ಕಣ್ಣಿನ ಒತ್ತಡ ಸಿಕ್ಕಾಪಟ್ಟೆ ಏರಿದೆ. ರಾತ್ರಿಯೆಲ್ಲ ಹಾಗೇ ಬಿಟ್ಟಿದ್ರೆ ಉಳಿದ ನರವೂ ಸಾಯ್ತಿತ್ತು. ಮೊದಲು ಅದನ್ನ ಇಳಿಸ್ತೀವಿ. ರಕ್ತ ತೆಳುವಾದ ಮೇಲೆ ಹೊರಗೆ ತೆಗೀತೀವಿ. ಎಷ್ಟು ನೋಟ ಬರುತ್ತೆ ಅಂತ ಈಗ ಹೇಳಲಾರೆ."

ಆ ದಿನಗಳನ್ನು ಹೊಲಿಗೆಯಮ್ಮ ಹೇಗೆ ಕಳೆದಳೋ ಆಕೆಗೇ ಗೊತ್ತು. ಮೇಷ್ಟ್ರು ತಲೆ ಎತ್ತರಿಸಿಕೊಂಡು ಮಲಗಿರುತ್ತಿದ್ದರು. ಬಾಗಿಲ ಸದ್ದಾದರೆ, "ಯಾರು?" ಎನ್ನುತ್ತಿದ್ದರು. ಸದ್ದಿಲ್ಲದೆ ಹತ್ತಿರ ಹೋದರೆ ಬೆಚ್ಚುತ್ತಿದ್ದರು. ಸಾವಿರ ಜನರ ಮುಂದೆ ಎದೆಯೆತ್ತಿ ನಡೆದ ಮನುಷ್ಯ ಬಚ್ಚಲಿಗೆ ಹೋಗಲು ಹೆಂಡತಿಯ ಹೆಗಲು ಹಿಡಿಯಬೇಕಾಯಿತು. "ನಾನು ಹೇಳಿದ್ದಕ್ಕೇ ಹೀಗಾಯ್ತು" ಎಂದು ಆಕೆ ಒಮ್ಮೆ ಅಂದಾಗ ಅವರು, "ಊದಿದ್ದು ನಾನು ಕಣೇ. ನನಗಾದ್ರೂ ಬುದ್ಧಿ ಬೇಡ್ವಾ? ಡಾಕ್ಟ್ರಿಗೆ ನಾನೇ ಹೇಳಬಹುದಿತ್ತು" ಎಂದರು.

ರಕ್ತ ತೆಗೆದ ಮೇಲೆ ಒಂದು ಬೆಳಿಗ್ಗೆ ಪಟ್ಟಿ ಬಿಚ್ಚಿದರು. ಹೊಲಿಗೆಯಮ್ಮ ಎದುರು ನಿಂತಿದ್ದಳು. ಮೇಷ್ಟ್ರು ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದರು.

"ಏನೇ ಇದು, ರವಿಕೆಗೆ ಸೂಜಿ ಚುಚ್ಚಿಕೊಂಡೇ ಬಂದಿದೀಯಲ್ಲ!" ಎಂದರು.

ಆಕೆ ನೋಡಿಕೊಂಡಳು. ಹೌದು, ಭುಜದ ಮೇಲೆ ದಾರ ಪೋಣಿಸಿದ ಸೂಜಿ ಹಾಗೇ ಇತ್ತು. ಅಂಗಡಿಯಲ್ಲಿ ಕೆಲಸ ಅರ್ಧಕ್ಕೆ ಬಿಟ್ಟು ಎದ್ದು ಬಂದಿದ್ದಳು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದಳು.

ಪೂರ್ತಿ ನೋಟ ಬರಲಿಲ್ಲ. ಮೊದಲಿದ್ದದ್ದರಲ್ಲಿ ಅರ್ಧದಷ್ಟು ಬಂತು. ಅಂಚುಗಳಲ್ಲಿ ಮಬ್ಬು ಉಳಿಯಿತು. ಹೆಂಡತಿಯ ಮುಖ ಕಾಣುತ್ತದೆ, ಮೆಟ್ಟಿಲು ಕಾಣುತ್ತದೆ, ತಟ್ಟೆಯಲ್ಲಿ ಬಡಿಸಿದ್ದು ಕಾಣುತ್ತದೆ. ಇನ್ನು ತುತ್ತೂರಿ ಮಾತ್ರ ಬೇಡವೇ ಬೇಡ ಎಂದರು ಡಾಕ್ಟರಮ್ಮ.

ಇವರು ಮನೆಗೆ ಹೊರಟಾಗ ಡಾಕ್ಟರಮ್ಮ ಢಮಾರ್‌ನ ಕಡೆ ತಿರುಗಿದರು. "ನೀವು ಒಡಹುಟ್ಟಿದವರಲ್ವಾ? ಗ್ಲಾಕೋಮಾ ಮನೆತನದಲ್ಲಿ ಬರಬಹುದು. ಬನ್ನಿ, ನಿಮ್ಮ ಕಣ್ಣೂ ನೋಡ್ತೀನಿ."

"ನಂಗೇನಾಗಿದೆ? ಇಲ್ಲಿಂದ ಆ ಮೂಲೆ ಸೊಳ್ಳೆ ಕಾಣುತ್ತೆ ನಂಗೆ!"

"ನಿಮ್ಮಣ್ಣನಿಗೂ ಕಾಣ್ತಿತ್ತು" ಎಂದಳು ಹೊಲಿಗೆಯಮ್ಮ. ಅವನು ಡಾಕ್ಟರಮ್ಮನ ಹಿಂದೆ ಒಳಗೆ ಹೋದ.

ಪರೀಕ್ಷೆ ಆಯಿತು. ಅವನ ಎರಡೂ ಕಣ್ಣಿನಲ್ಲಿ ಒತ್ತಡ ಹೆಚ್ಚಿತ್ತು. ನರಕ್ಕೆ ಪೆಟ್ಟು ಈಗಷ್ಟೇ ಶುರುವಾಗಿತ್ತು. ಢಮಾರ್ ಕುರ್ಚಿಯಲ್ಲಿ ಮರಗಟ್ಟಿ ಕೂತ. ಸೊಳ್ಳೆ ಕಾಣುವ ಕಣ್ಣೊಳಗೇ ಇಂಥದ್ದು ಕೂತಿದೆಯೆಂದರೆ ಅವನಿಗೆ ನಂಬಲಿಕ್ಕೇ ಆಗಲಿಲ್ಲ.

"ಹೆದರಬೇಡಿ, ಬೇಗ ಸಿಕ್ಕಿದೆ. ಡ್ರಾಪ್ಸ್ ತಪ್ಪಿಸದೆ ಹಾಕಿದ್ರೆ ಆಪರೇಷನ್ ಬೇಡದೇ ಇರಬಹುದು" ಎಂದರು ಡಾಕ್ಟರಮ್ಮ. "ಅಂದ ಹಾಗೆ, ನಿಮ್ಮ ಕೆಲಸ ಏನು?"

ಢಮಾರ್ ಎದ್ದೇ ನಿಂತ. ಹೊರಗಿನ ಸಾಲಿಗೂ ಕೇಳಿಸುವ ಹಾಗೆ ಹೇಳಿದ. "ಬ್ಯಾಂಡಿನವನು ಡಾಕ್ಟ್ರೇ! ಇಷ್ಟು ದಪ್ಪದ ಡ್ರಮ್ ಎದೆಗೆ ಕಟ್ಕೊಂಡು ಬಾರಿಸ್ತೀನಿ. ಬೆಳಿಗ್ಗೆ ಅಂಗಡಿಗಳಿಗೆ ನೀರಿನ ಕ್ಯಾನ್ ಹೊರ್ತೀನಿ. ಮನೇಲಿ ಗೋಡೆಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಲ್ತೀನಿ. ಬೀಡಿ ಸೇದ್ತೀನಿ, ಕೆಮ್ತೀನಿ. ಒಮ್ಮೊಮ್ಮೆ ಅತ್ತಿಗೆಗೆ ಗೊತ್ತಾಗದ ಹಾಗೆ..."

"ಸಾಕು ಸಾಕು" ಎಂದು ಡಾಕ್ಟರಮ್ಮ ನಕ್ಕರು. "ಎಲ್ರೂ ಹೀಗೆ ಹೇಳಿದ್ರೆ ನಮ್ಮ ಅರ್ಧ ಕೆಲಸ ಕಡಿಮೆ. ತಲೆಕೆಳಗಾಗಿ ನಿಲ್ಲೋದನ್ನ ಇವತ್ತೇ ಬಿಡಿ."

ಈಗ ಆ ಮನೆಗೆ ಹೋದರೆ ಸಂಜೆ ಹೊತ್ತು ಬ್ಯಾಂಡಿನ ಅಭ್ಯಾಸ ಕೇಳಿಸುತ್ತದೆ. ಮೇಷ್ಟ್ರು ಕುರ್ಚಿಯಲ್ಲಿ ಕೂತು ತಾಳ ತಟ್ಟುತ್ತಾರೆ, ತಪ್ಪಿದವರನ್ನು ಗದರುತ್ತಾರೆ, ಪಾಠ ಹೇಳುತ್ತಾರೆ. ಹೊಲಿಗೆಯಮ್ಮ ಅಂದು ನಾಚಿಕೆಗೆ ಆಡಿದ ಮಾತು ಈಗ ನಿಜವಾಗಿದೆ. ಅವರು ಬರೀ ಸಂಗೀತದ ಮೇಷ್ಟ್ರು. ತಂಡಕ್ಕೆ ಸ್ವರ ಕೊಡುವವಳು ಆಕೆಯೇ. ಹಳೆಯದೊಂದು ಕೀಬೋರ್ಡಿನ ಒಂದು ಕೀ ಮೇಲೆ ಬೆರಳಿಟ್ಟು, ಕ್ಲಾರಿನೆಟ್‌ನವನು ಕೂಡಿಸಿಕೊಳ್ಳುವವರೆಗೆ ಒತ್ತಿ ಹಿಡಿಯುತ್ತಾಳೆ. ತುತ್ತೂರಿ ಗೋಡೆಯ ಮೊಳೆಯಲ್ಲಿದೆ. ದಿನಾ ಒರೆಸುತ್ತಾಳೆ, ಆದರೆ ಅದರ ಕಡೆ ಹೆಚ್ಚು ಹೊತ್ತು ನೋಡುವುದಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈ ಮಾತು ನಿಮಗೂ ಸೇರಿದ್ದು. ಕಣ್ಣಿನ ಡಾಕ್ಟರ್ ನಿಮ್ಮ ಕೆಲಸ ಕೇಳಿದರೆ ನಾಚದೆ ಬಿಡಿಸಿ ಹೇಳಿ. ಅವರು ಕೇಳದಿದ್ದರೂ ಹೇಳಿ. ಊದುವವರು, ಹೊರುವವರು, ಬಗ್ಗಿ ದುಡಿಯುವವರು, ಹಳೆಯ ಕೆಮ್ಮಿರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ತಿಳಿಸಿ. ಗ್ಲಾಕೋಮಾ ಆಪರೇಷನ್ ಆದ ಕಣ್ಣಿನಲ್ಲಿ ದಿಢೀರ್ ನೋವು ಬಂದರೆ, ಪರದೆ ಇಳಿದಂತೆ ಕತ್ತಲಾದರೆ, ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಹಾರಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ಕಣ್ಣು ಕೆಂಪಾಗಿ ಕೀವು ಕಂಡರಂತೂ, ಆಪರೇಷನ್ ಆಗಿ ವರ್ಷಗಳೇ ಕಳೆದಿದ್ದರೂ ಆ ಕ್ಷಣವೇ ಹೊರಡಿ. ಮನೆಯಲ್ಲಿ ಒಬ್ಬರಿಗೆ ಗ್ಲಾಕೋಮಾ ಇದ್ದರೆ ಒಡಹುಟ್ಟಿದವರೂ ಮಕ್ಕಳೂ ಪರೀಕ್ಷೆ ಮಾಡಿಸಿಕೊಳ್ಳಿ.

ನಿಮ್ಮ ಮನೆಯಲ್ಲಿ ಯಾರಾದರೂ, ದೀಪ ಉರಿಯುತ್ತಿರುವಾಗಲೇ, ದೀಪ ಯಾಕೆ ಆರಿಸಿದಿರಿ ಎಂದು ಕೇಳುವ ಹಾಗಾಗಬಾರದು.